ಬಾಲ್ಯಸ್ಮರಣೆಯ ಋಣ

ಕನ್ನಡದ ‘ನೆನೆ’ ಎಂಬ ಕ್ರಿಯಾಪದಕ್ಕೆ ಎರಡು ಅರ್ಥಗಳುಂಟು. ಮನಸ್ಸಿನಲ್ಲಿ ಸ್ಮರಿಸುವುದು ಒಂದು, ನೀರಿನಲ್ಲಿ ತೋಯುವುದು ಇನ್ನೊಂದು. ಹಳಗನ್ನಡದಲ್ಲಿ ತೋಯುವುದಕ್ಕೆ ‘ನನೆ’ ಎಂಬ ಬೇರೆ ರೂಪವಿತ್ತು. ಕಾಲಕ್ರಮದಲ್ಲಿ ಅದು ‘ನೆನೆ’ಯಾಗಿ, ಸ್ಮರಣಾರ್ಥದ ಪದದೊಡನೆ ರೂಪದಲ್ಲಿ ಒಂದಾಯಿತು. ವೈಯಾಕರಣರಿಗೆ ಇದು ಆಕಸ್ಮಿಕ. ಆದರೆ ಅಡಿಗೆಮನೆಯನ್ನು ಬಲ್ಲವರಿಗೆ ಇದರಲ್ಲೊಂದು ಔಚಿತ್ಯ ಕಾಣದೆ ಇರದು. ರಾತ್ರಿ ನೆನೆಹಾಕಿದ ಕಾಳು ಬೆಳಗಾಗುವಷ್ಟರಲ್ಲಿ ತನ್ನ ಬಿರುಸನ್ನು ಕಳೆದುಕೊಂಡು ಮೊಳಕೆಗೆ ಸಿದ್ಧವಾಗುತ್ತದೆ. ಜೊಳ್ಳು ಮಾತ್ರ ಮೇಲೆ ತೇಲುತ್ತದೆ. ಬಾಲ್ಯದ ನೆನಪುಗಳ ವಿಷಯವೂ ಹೀಗೆಯೇ. ಮೇಲೆ ತೇಲಿಬಂದುದೆಲ್ಲ ಗಟ್ಟಿಕಾಳೆಂದು ಭಾವಿಸಿದವರು ಮೋಸಹೋಗುವ ಸಂಭವವುಂಟು.

ವಿದ್ಯಾಸಂಸ್ಥೆಗಳು ರಜತೋತ್ಸವ ಸುವರ್ಣೋತ್ಸವಗಳನ್ನು ಆಚರಿಸುವಾಗ ಸ್ಮರಣ ಸಂಚಿಕೆಯನ್ನು ಹೊರತರುವುದು ಒಂದು ಸತ್ಸಂಪ್ರದಾಯ. ಆ ಸಂಚಿಕೆಗಳಲ್ಲಿ ಹಳೆಯ ವಿದ್ಯಾರ್ಥಿಗಳು ಬರೆಯುವ ಬಾಲ್ಯಸ್ಮರಣೆಗಳಿಗೆ ಒಂದು ಗೌರವದ ಸ್ಥಾನವಿದೆ. ಅವುಗಳ ಧಾಟಿ ಎಲ್ಲರಿಗೂ ಪರಿಚಿತವಾದುದೇ. ಒಂದು ಕುಗ್ರಾಮ, ಬಡತನದ ಮನೆ, ಮಣ್ಣಿನ ಗೋಡೆಯ ಶಾಲೆ, ಕೈಯಲ್ಲಿ ಬೆತ್ತ ಹಿಡಿದ ಗುರುಗಳು, ಪೂಜ್ಯರ ಕೃಪಾಶೀರ್ವಾದ, ಇಂದಿನ ಉನ್ನತ ಹುದ್ದೆ. ಕೊನೆಗೆ ಸಂಸ್ಥೆಯ ಅಭ್ಯುದಯಕ್ಕೆ ಹಾರೈಕೆ. ಇದರಲ್ಲಿ ಯಾವುದೂ ಸುಳ್ಳಲ್ಲ. ಆದರೂ ಇಂತಹ ಹತ್ತು ಲೇಖನಗಳನ್ನು ಒಂದೇ ಸಲ ಓದಿ ಮುಗಿಸಿದವರಿಗೆ ಹತ್ತು ಮಂದಿಯ ಬಾಲ್ಯವನ್ನು ಓದಿದಂತಾಗದೆ ಒಬ್ಬನ ಬಾಲ್ಯವನ್ನೇ ಹತ್ತು ಸಲ ಓದಿದಂತಾಗುವುದು ಏಕೆ? ನೆನಪು ಸ್ತುತಿಯಾದಾಗ ಅದರ ಮುಖಲಕ್ಷಣಗಳು ಅಳಿಸಿಹೋಗುತ್ತವೆ ಎಂಬುದೇ ಇದಕ್ಕೆ ಉತ್ತರ. ಬಾಲ್ಯಸ್ಮರಣೆ ಸ್ತುತಿಪಾಠವಲ್ಲ, ಅದು ಋಣದ ಲೆಕ್ಕ. ಯಾರ ಹೆಸರು ಸಂಸ್ಥೆಯ ಯಾವ ಫಲಕದಲ್ಲಿಯೂ ಕೆತ್ತಲ್ಪಟ್ಟಿಲ್ಲವೋ ಅವರ ಋಣವನ್ನು ಬರೆದಿಡದ ಸ್ಮರಣೆ ಎಷ್ಟೇ ಸುಂದರವಾಗಿದ್ದರೂ ಅಪೂರ್ಣವೇ ಸರಿ.

ಮನೆಯಿಂದಲೇ ಆರಂಭಿಸಬಹುದು. ತಾಯಿಯೇ ಮೊದಲ ಗುರುವೆಂಬ ಮಾತು ಇಂತಹ ಲೇಖನಗಳ ಮೊದಲ ಪುಟದಲ್ಲಿಯೇ ಬರುತ್ತದೆ. ಮಾತು ಸತ್ಯ. ಆದರೆ ಅದನ್ನು ಬರೆದ ಲೇಖಕರು ಮುಂದಿನ ಪುಟದಲ್ಲಿ ಮುಖ್ಯೋಪಾಧ್ಯಾಯರ ಹೆಸರನ್ನು ಪದವಿ ಬಿರುದುಗಳೊಡನೆ ಬರೆಯುತ್ತಾರೆ, ಆಡಳಿತ ಮಂಡಲಿಯ ಅಧ್ಯಕ್ಷರ ಹೆಸರನ್ನು ಬರೆಯುತ್ತಾರೆ, ಕಟ್ಟಡಕ್ಕೆ ದಾನವಿತ್ತ ಸಾಹುಕಾರರ ಹೆಸರನ್ನು ಬರೆಯುತ್ತಾರೆ. ತಾಯಿಯ ಹೆಸರನ್ನು ಮಾತ್ರ ಬರೆಯುವುದಿಲ್ಲ. ಅವಳು ‘ಹಡೆದವ್ವ’, ‘ಪೂಜ್ಯ ಮಾತೃಶ್ರೀ’ ಎಂಬ ವಿಶೇಷಣಗಳಲ್ಲಿಯೇ ಉಳಿದುಬಿಡುತ್ತಾಳೆ. ಗುರುವಿನ ಹೆಸರನ್ನು ಉಚ್ಚರಿಸಬಾರದೆಂಬ ಸಂಕೋಚವಿದು ಎನ್ನುವಂತೆಯೂ ಇಲ್ಲ. ಏಕೆಂದರೆ ಎರಡನೆಯ ಗುರುವಿನ ಹೆಸರು ದಪ್ಪ ಅಕ್ಷರಗಳಲ್ಲಿಯೇ ಮುದ್ರಿತವಾಗಿರುತ್ತದೆ.

ಆ ಮೊದಲ ಗುರು ಕಲಿಸಿದುದು ಏನನ್ನು? ವಾತ್ಸಲ್ಯವನ್ನು ಎಂದು ಹೇಳಿ ಮುಂದೆ ಸಾಗುವುದು ಸುಲಭ. ಆದರೆ ಅವಳು ಕಲಿಸಿದ ವಿದ್ಯೆಗೂ ಒಂದು ಪಠ್ಯಕ್ರಮವಿತ್ತು. ಸೇರು, ಅಚ್ಚೇರು, ಪಾವು, ಚಟಾಕುಗಳನ್ನು ಮಗು ಶಾಲೆಯಲ್ಲಿ ಕೇಳುವ ಮುನ್ನ ಅವಳ ಕೈಯಲ್ಲಿ ಕಂಡಿತ್ತು. ಬೆಳಗಿನ ಜಾವದಲ್ಲಿ ಬೀಸುವ ಕಲ್ಲಿನ ಮುಂದೆ ಅವಳು ಹಾಡುತ್ತಿದ್ದ ತ್ರಿಪದಿ ಕನ್ನಡ ಛಂದಸ್ಸಿನ ಅಚ್ಚದೇಸಿಯ ಬಂಧ. ಛಂದೋಗ್ರಂಥವನ್ನು ಕಣ್ಣಿನಿಂದ ನೋಡದ ಅವಳ ತೊಡೆಯ ಮೇಲೆ ಮಲಗಿಯೇ ಮಗುವಿನ ಕಿವಿ ಆ ಲಯಕ್ಕೆ ಹದಗೊಂಡಿತು. ಒಗಟಿನಲ್ಲಿ ತರ್ಕವಿತ್ತು, ಗಾದೆಯಲ್ಲಿ ಲೋಕನೀತಿಯಿತ್ತು. ಸ್ನಾನ ಮಾಡಿ ವಿಭೂತಿ ಧರಿಸಿ, ಇಷ್ಟಲಿಂಗವನ್ನು ಎಡದ ಅಂಗೈಯಲ್ಲಿರಿಸಿಕೊಂಡು ಕುಳಿತ ಅಜ್ಜನ ಎದುರಿಗೆ ಗದ್ದಲ ಮಾಡದೆ ಕುಳಿತಿರುವುದೇ ಏಕಾಗ್ರತೆಯ ಮೊದಲ ಪಾಠವಾಗಿತ್ತು. ಇವೆಲ್ಲವನ್ನೂ ಕಲಿಸಿದ ಆ ತಾಯಿಗೆ ಅನೇಕ ಮನೆಗಳಲ್ಲಿ ತನ್ನ ಹೆಸರನ್ನು ಬರೆಯಲು ಬರುತ್ತಿರಲಿಲ್ಲ. ಅವಳಿಗೆ ಬರೆಯಲು ಬಾರದ ಹೆಸರನ್ನು, ಅವಳಿಂದಲೇ ಅಕ್ಷರದ ದಾರಿ ಹಿಡಿದ ಮಗನೂ ಬರೆಯದೆ ಹೋದರೆ ಅದನ್ನು ಬರೆಯಬೇಕಾದವರು ಮತ್ತಾರು?

ಈ ವಿಷಯದಲ್ಲಿ ಕನ್ನಡದ ಹಿರಿಯರು ಮಾರ್ಗವನ್ನು ತೋರಿಸಿಯೇ ಹೋಗಿದ್ದಾರೆ. ೧೮೯೬ರಲ್ಲಿ ಧಾರವಾಡದಲ್ಲಿ ಜನಿಸಿದ ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರು ಕಾವ್ಯನಾಮವನ್ನು ಆರಿಸಿಕೊಳ್ಳುವಾಗ ‘ಅಂಬಿಕಾತನಯದತ್ತ’ರಾದರು. ತಂದೆಯ ಹೆಸರು ರೂಢಿಯಂತೆ ಅವರ ಹೆಸರಿನೊಡನೆ ಇದ್ದೇ ಇತ್ತು. ಕವಿಯಾಗಿ ಲೋಕದ ಮುಂದೆ ನಿಂತಾಗ ಅವರು ತಾಯಿಯ ಮಗನೆಂದು ನಿಂತರು. ಇಂದಿಗೂ ಅವರ ಕವಿತೆಯನ್ನು ಓದುವವರು ಮೊದಲು ಆ ತಾಯಿಯ ಹೆಸರನ್ನು ಹೇಳಿಯೇ ಓದಬೇಕಾಗಿದೆ. ಋಣವನ್ನು ಸಲ್ಲಿಸುವ ಕ್ರಮ ಇದು.

ಇನ್ನು ಶಾಲೆಯ ಮಾತು. ಹಿಂದೆ ಕನ್ನಡ ನಾಡಿನ ಹಳ್ಳಿಗಳಲ್ಲಿ ಶಾಲೆಗೆ ‘ಮಠ’ವೆಂದೇ ಹೆಸರಿತ್ತು. ಮಗು ಮಠಕ್ಕೆ ಹೋಗುತ್ತದೆ ಎಂದರೆ ಓದಲು ಹೋಗುತ್ತದೆ ಎಂದೇ ಅರ್ಥ. ಊರವರಿಂದ ಧಾನ್ಯವನ್ನೋ ಹಣವನ್ನೋ ಪಡೆದು ಪಾಠ ಹೇಳುವ ಶಾಲೆ ‘ಕೂಲಿಮಠ’ವಾಯಿತು. ಅಲ್ಲಿ ಪಾಠ ಹೇಳುವವರು ‘ಅಯ್ಯಗಳು’, ಬಾಯಿಮಾತಿನಲ್ಲಿ ‘ಐಗಳು’. ವಿದ್ಯೆಯನ್ನು ಹೇಳುವವನೆಂದರೆ ಮಠದ ಅಯ್ಯನವರೆಂಬ ಭಾವನೆ ಎಷ್ಟು ಬೇರೂರಿತ್ತೆಂದರೆ, ಕಾಲಾನಂತರದಲ್ಲಿ ಯಾವ ಜಾತಿಯ ಉಪಾಧ್ಯಾಯನಿಗೂ ಈ ಹೆಸರೇ ಸಂದಿತು. ಮಲೆನಾಡಿನ ಕುಪ್ಪಳಿಯಲ್ಲಿ ಬೆಳೆದ ಕುವೆಂಪು ಅವರಿಗೂ ಮೊದಲ ಪಾಠವಾದುದು ಮನೆಯಲ್ಲಿಯೇ, ದಕ್ಷಿಣ ಕನ್ನಡದ ಕಡೆಯಿಂದ ಕರೆಸಿಕೊಂಡ ಐಗಳಿಂದಲೇ. ಅವರ ಆತ್ಮಕಥನ ‘ನೆನಪಿನ ದೋಣಿಯಲ್ಲಿ’ ೧೯೮೦ರಲ್ಲಿ ಪ್ರಕಟವಾದಾಗ ಕನ್ನಡಿಗರು ಅದರಲ್ಲಿ ಕವಿಯ ಸಾಧನೆಯನ್ನು ಮಾತ್ರ ಓದಲಿಲ್ಲ. ಒಂದು ದೊಡ್ಡ ಮನೆ, ಅದರ ಕಾಡು, ಅದರ ಆಳುಕಾಳು ಇವೆಲ್ಲವನ್ನೂ ಓದಿದರು. ಬಾಲ್ಯವೆಂದರೆ ಒಬ್ಬ ಬಾಲಕನ ಕಥೆಯಲ್ಲ, ಅವನ ಸುತ್ತ ಇದ್ದವರೆಲ್ಲರ ಕಥೆ ಎಂಬುದನ್ನು ಆ ಕೃತಿ ಮನಗಾಣಿಸಿತು.

ಮರಳಿನ ಮೇಲೆ ಬೆರಳಿನಿಂದ ತಿದ್ದಿದ ಅಕ್ಷರ, ಸಾಯಂಕಾಲ ಸಾಲಾಗಿ ನಿಂತು ಒಕ್ಕೊರಲಿನಿಂದ ಹೇಳಿದ ಮಗ್ಗಿ, ಕಾಲು ಅರೆ ಮುಕ್ಕಾಲುಗಳ ಕೋಷ್ಟಕ: ಇವು ಇಂದು ಕೇವಲ ಕೌತುಕದ ವಸ್ತುಗಳಾಗಿ ತೋರಬಹುದು. ಆದರೆ ಶಾಲಾದಿನಗಳ ನೆನಪಿನಲ್ಲಿ ಸರಕಾರದ ಕಡತಗಳು ತಿಳಿಯದ ಇತಿಹಾಸವೇ ಅಡಗಿರುವುದುಂಟು. ೧೯೪೮ರ ವರೆಗೆ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳಲ್ಲಿ ಮಗುವಿನ ಮನೆಮಾತು ಕನ್ನಡವಾಗಿದ್ದರೂ ಶಾಲೆಯ ಭಾಷೆ ಉರ್ದು. ಆ ಕಾಲದಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗುಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರೆಂಬುದು ನಾಡಿಗೆಲ್ಲ ತಿಳಿದ ಸಂಗತಿ. ಫಲಕವನ್ನು ಮಾತ್ರ ಓದಿ ಹೋದ ಅಧಿಕಾರಿಗೆ ಅದು ಉರ್ದು ಶಾಲೆ. ಒಳಗೆ ಕುಳಿತಿದ್ದ ಮಕ್ಕಳ ನೆನಪಿನಲ್ಲಿ ಅದು ಕನ್ನಡ ಶಾಲೆ. ಇವೆರಡರಲ್ಲಿ ಯಾವುದು ಇತಿಹಾಸ? ಆ ಮಕ್ಕಳು ಬಾಯಿಬಿಟ್ಟು ಹೇಳದೆ ಇದ್ದಿದ್ದರೆ ಫಲಕವೇ ಇತಿಹಾಸವಾಗಿ ಉಳಿಯುತ್ತಿತ್ತು.

ದಾಖಲೆಯ ಮಾತು ಬಂದುದರಿಂದ ಇನ್ನೊಂದು ಸಂಗತಿಯನ್ನು ಗಮನಿಸಬಹುದು. ಹಳೆಯ ತಲೆಮಾರಿನ ವಿದ್ಯಾವಂತರಲ್ಲಿ ಅದೆಷ್ಟೋ ಮಂದಿಯ ಜನ್ಮದಿನ ಜೂನ್ ೧. ಅಷ್ಟು ಮಂದಿ ಒಂದೇ ದಿನ ಹುಟ್ಟಿದರೆಂದು ಯಾರೂ ನಂಬಲಾರರು. ಶಾಲೆಗೆ ಸೇರಿಸಲು ಬಂದ ತಂದೆಗೆ ಮಗುವಿನ ಜನ್ಮತಾರೀಖು ತಿಳಿದಿರಲಿಲ್ಲ. ಉಪಾಧ್ಯಾಯರು ಮಗುವಿನ ಮೈಕಟ್ಟನ್ನು ನೋಡಿ, ಬಲಗೈಯನ್ನು ತಲೆಯ ಮೇಲಿಂದ ಎಡಗಿವಿಗೆ ಮುಟ್ಟಿಸಿ, ಶಾಲಾವರ್ಷಕ್ಕೆ ಹೊಂದುವ ಒಂದು ತಾರೀಖನ್ನು ದಾಖಲಾತಿ ಪುಸ್ತಕದಲ್ಲಿ ಬರೆದುಕೊಂಡರು. ಮುಂದೆ ಅವನ ನೌಕರಿ, ಬಡ್ತಿ, ನಿವೃತ್ತಿಗಳೆಲ್ಲ ಆ ಕಲ್ಪಿತ ದಿನವನ್ನೇ ಆಶ್ರಯಿಸಿ ನಡೆದವು. ಆದರೆ ಮನೆಯಲ್ಲಿ ತಾಯಿಯ ಲೆಕ್ಕ ಬೇರೆ ಇತ್ತು. ಮಾರ್ನವಮಿಯ ಮುಂದೆ, ಊರಬಾವಿ ಬತ್ತಿದ ವರ್ಷ, ಕೆಂದ ಹಸು ಕರು ಹಾಕಿದ ಮಾರನೆಯ ದಿನ. ಶಾಲೆ ಕೊಟ್ಟ ಜನ್ಮದಿನ ಪ್ರಮಾಣಪತ್ರದಲ್ಲಿ ಉಳಿಯಿತು, ತಾಯಿ ಕೊಟ್ಟ ಜನ್ಮದಿನ ಅವಳೊಡನೆಯೇ ಹೋಯಿತು. ಬಾಲ್ಯಸ್ಮರಣೆಯನ್ನು ಬರೆಯುವವರು ಎರಡನೆಯದನ್ನು ಬರೆದಿಡದಿದ್ದರೆ ಮೊಮ್ಮಕ್ಕಳು ಮೊದಲನೆಯದನ್ನೇ ಸತ್ಯವೆಂದು ಆಚರಿಸುತ್ತಾರೆ.

ಶಾಲೆಯ ನೆನಪುಗಳಲ್ಲಿ ಬೆತ್ತಕ್ಕೆ ದೊರೆಯುವ ಪ್ರಶಂಸೆ ಬೇರಾವ ವಸ್ತುವಿಗೂ ದೊರೆಯುವುದಿಲ್ಲ. ಅಂದಿನ ಗುರುಗಳ ಏಟಿನಿಂದಲೇ ಬಾಳು ನೇರವಾಯಿತೆಂದು ಗಣ್ಯರು ಕೃತಜ್ಞತೆಯಿಂದ ಬರೆಯುತ್ತಾರೆ. ಅವರ ಗುರುಭಕ್ತಿ ನಿರ್ವ್ಯಾಜವಾದುದು, ಅದನ್ನು ಯಾರೂ ಶಂಕಿಸಬೇಕಾಗಿಲ್ಲ. ಆದರೆ ಈ ಸಾಕ್ಷ್ಯದಲ್ಲಿ ಒಂದು ಕೊರತೆಯಿದೆ. ಏಟು ತಿಂದೂ ಶಾಲೆಯಲ್ಲಿ ಉಳಿದವನು ಮಾತ್ರ ಸ್ಮರಣ ಸಂಚಿಕೆಗೆ ಲೇಖನ ಬರೆಯುತ್ತಾನೆ. ಏಟಿಗೆ ಹೆದರಿ ಮೂರನೆಯ ತರಗತಿಯಲ್ಲಿಯೇ ಶಾಲೆ ಬಿಟ್ಟು ದನ ಕಾಯಲು ಹೋದವನು ಬರೆಯುವುದಿಲ್ಲ; ಅವನನ್ನು ಬರೆಯೆಂದು ಯಾರೂ ಕೇಳುವುದೂ ಇಲ್ಲ. ಗೆದ್ದವರ ಸಾಕ್ಷ್ಯವೊಂದನ್ನೇ ಕೇಳಿ ಬೆತ್ತದ ಪರವಾಗಿ ತೀರ್ಪು ಕೊಡುವುದು ನ್ಯಾಯವೆನಿಸದು. ೨೦೦೯ರ ಶಿಕ್ಷಣ ಹಕ್ಕು ಕಾಯಿದೆ ಶಾಲೆಗಳಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಕಾನೂನು ಹೀಗಿರುವಾಗ ಹಿರಿಯರು ತಮ್ಮ ನೆನಪಿನ ಬಲದಿಂದ ಬೆತ್ತವನ್ನು ಪೂಜಾವಸ್ತುವನ್ನಾಗಿ ಮಾಡಿದರೆ, ಅದನ್ನು ಓದುವ ತರುಣ ಉಪಾಧ್ಯಾಯರು ಯಾವ ಪಾಠವನ್ನು ಕಲಿತಾರು? ಗುರುವಿನ ಹಿರಿಮೆ ಅವನ ಕೈಯಲ್ಲಿದ್ದ ಬೆತ್ತದಲ್ಲಿರಲಿಲ್ಲ. ಹಸಿದು ಬಂದ ಹುಡುಗನ ಮುಖವನ್ನು ನೋಡಿ ತನ್ನ ಬುತ್ತಿಯಲ್ಲಿ ಅರ್ಧ ರೊಟ್ಟಿಯನ್ನು ಮುರಿದುಕೊಟ್ಟ ಗುರುಗಳೂ ಆ ಕಾಲದಲ್ಲಿಯೇ ಇದ್ದರು. ಬರೆಯಬೇಕಾದುದು ಆ ರೊಟ್ಟಿಯ ಕಥೆಯನ್ನು.

ರೊಟ್ಟಿಯ ಮಾತಿನಿಂದ ಸಹಜವಾಗಿ ಪ್ರಸಾದ ನಿಲಯದ ನೆನಪು ಬರುತ್ತದೆ. ಮಠಗಳ ವಿದ್ಯಾಸೇವೆಯ ವೈಶಿಷ್ಟ್ಯವಿರುವುದೇ ಇಲ್ಲಿ. ಅನ್ನ ಮತ್ತು ಅಕ್ಷರಗಳನ್ನು ಅವು ಬೇರೆ ಬೇರೆ ಎಂದು ಭಾವಿಸಲಿಲ್ಲ. ತುಮಕೂರಿನ ಸಿದ್ಧಗಂಗೆಯಲ್ಲಿ ಜಾತಿಮತಗಳ ಭೇದವಿಲ್ಲದೆ ಸಾವಿರಾರು ಬಾಲಕರಿಗೆ ದಿನನಿತ್ಯ ಅನ್ನ, ಆಶ್ರಯ, ವಿದ್ಯೆಗಳು ದೊರೆತುದಕ್ಕೆ ಲೋಕವೇ ಸಾಕ್ಷಿ. ಕರ್ನಾಟಕ ಸರಕಾರವು ಶಾಲಾಮಕ್ಕಳ ಮಧ್ಯಾಹ್ನದ ಬಿಸಿಯೂಟದ ಯೋಜನೆಯನ್ನು ೨೦೦೨ರಲ್ಲಿ ಆರಂಭಿಸಿದಾಗ ಅದಕ್ಕೆ ‘ಅಕ್ಷರ ದಾಸೋಹ’ವೆಂದು ಹೆಸರಿಟ್ಟಿತು. ಶರಣರ ದಾಸೋಹದ ಪರಿಭಾಷೆ ಹೀಗೆ ರಾಜ್ಯದ ಆಡಳಿತದ ಪರಿಭಾಷೆಯಾಯಿತು. ಇದು ಮಠಗಳ ಪರಂಪರೆಗೆ ಸಂದ ದೊಡ್ಡ ಗೌರವವೆಂದರೆ ತಪ್ಪಾಗದು.

ಆದರೆ ಪ್ರಸಾದ ನಿಲಯದ ನೆನಪನ್ನು ಬರೆಯುವವರು ಅನ್ನ ಎಲ್ಲಿಂದ ಬಂದಿತೆಂಬುದನ್ನು ಪೂರ್ಣವಾಗಿ ಬರೆಯುತ್ತಾರೆಯೆ? ಪೂಜ್ಯರ ಸಂಕಲ್ಪದಿಂದ ಬಂದಿತು, ದಾನಿಗಳ ಔದಾರ್ಯದಿಂದ ಬಂದಿತು, ನಿಜ. ಇದರೊಡನೆ ಸುಗ್ಗಿಯಲ್ಲಿ ಕಣದಿಂದ ನೇರವಾಗಿ ಶ್ರೀಮಠಕ್ಕೆ ಗಾಡಿ ಹೊಡೆದುಕೊಂಡು ಬಂದು ರಾಗಿಯನ್ನೋ ಜೋಳವನ್ನೋ ಇಳಿಸಿ, ಹೆಸರು ಬರೆಸದೆ ಹಿಂದಿರುಗಿದ ರೈತನಿದ್ದಾನೆ. ತನ್ನ ಮಕ್ಕಳ ಪಾಲಿನಿಂದ ದಿನವೂ ಒಂದು ಹಿಡಿ ಹಿಟ್ಟನ್ನು ತೆಗೆದಿಟ್ಟ ಗೃಹಿಣಿಯಿದ್ದಾಳೆ. ಕೋಳಿ ಕೂಗುವ ಮುನ್ನವೇ ಎದ್ದು ಒಲೆ ಹಚ್ಚಿ, ಹೊಗೆಯಲ್ಲಿ ಕಣ್ಣು ಕೆಂಪಾಗಿಸಿಕೊಂಡ ಅಡಿಗೆಯವನಿದ್ದಾನೆ. ಪಂಕ್ತಿ ಮುಗಿದ ಮೇಲೆ ಪಾತ್ರೆ ಬೆಳಗಿದವಳಿದ್ದಾಳೆ. ಶರಣರ ದೃಷ್ಟಿಯಲ್ಲಿ ಕಾಯಕಗಳಲ್ಲಿ ಮೇಲುಕೀಳಿಲ್ಲ. ಆ ತತ್ತ್ವವನ್ನು ವೇದಿಕೆಯ ಮೇಲೆ ಸಾರುವ ಸಂಸ್ಥೆಯ ಸಂಚಿಕೆಯಲ್ಲಿ ದಾನಿಯ ಭಾವಚಿತ್ರವಿದ್ದು ಅಡಿಗೆಯವನ ಹೆಸರಿಲ್ಲದೆ ಹೋದರೆ ತತ್ತ್ವಕ್ಕೂ ಪುಟಕ್ಕೂ ನಡುವೆ ಅಂತರ ಉಳಿದಂತಾಯಿತು. ಸಹೃದಯರಾದ ದಾನಿಗಳು ಇದರಿಂದ ಬೇಸರಗೊಳ್ಳಲಾರರು. ಮೊದಲು ಕೊಟ್ಟವರ ಸಾಲಿನಲ್ಲಿ ತಮಗೂ ಒಂದು ಸ್ಥಾನವಿದೆಯೆಂಬುದು ಅವರಿಗೆ ಹೆಮ್ಮೆಯ ವಿಷಯವೇ ಆದೀತು.

ಎಲ್ಲಕ್ಕಿಂತ ದೊಡ್ಡ ಋಣವೊಂದು ಉಳಿದಿದೆ. ಅದು ಶಾಲೆಗೆ ಬಾರದ ಅಕ್ಕನ ಋಣ.

ಒಂದು ಮನೆಯಲ್ಲಿ ಅಕ್ಕನೂ ತಮ್ಮನೂ ಇದ್ದರೆನ್ನೋಣ. ಇಬ್ಬರಲ್ಲಿ ಒಬ್ಬರನ್ನು ಓದಿಸುವ ಶಕ್ತಿ ಮಾತ್ರ ಮನೆಗಿದೆ. ಯಾರು ಓದಬೇಕೆಂಬ ಪ್ರಶ್ನೆ ಆ ಮನೆಯಲ್ಲಿ ಏಳಲೇ ಇಲ್ಲ. ತಮ್ಮ ಪಾಟಿಚೀಲವನ್ನು ಹೆಗಲಿಗೆ ಹಾಕಿಕೊಂಡು ಹೊರಟಾಗ ಅಕ್ಕನ ಕಂಕುಳಲ್ಲಿ ಕಿರಿಯ ಕೂಸಿತ್ತು, ತಲೆಯ ಮೇಲೆ ನೀರಿನ ಕೊಡವಿತ್ತು. ತಾಯಿ ಹೊಲಕ್ಕೆ ಹೋಗಲು ಸಾಧ್ಯವಾದುದು ಅಕ್ಕ ಮನೆಯಲ್ಲಿದ್ದುದರಿಂದ. ತಾಯಿ ಹೊಲಕ್ಕೆ ಹೋದುದರಿಂದಲೇ ತಮ್ಮನ ಪರೀಕ್ಷಾ ಶುಲ್ಕ ಹುಟ್ಟಿತು. ವಿವಾಹದ ಕನಿಷ್ಠ ವಯಸ್ಸನ್ನು ಹುಡುಗಿಯರಿಗೆ ೧೮ ವರ್ಷವೆಂದು ಕಾನೂನು ನಿಗದಿಪಡಿಸಿದುದು ೧೯೭೮ರಲ್ಲಿ. ಅದಕ್ಕೂ ಹಿಂದೆ, ಅದಾದ ಮೇಲೂ ಬಹುಕಾಲ, ತಮ್ಮ ಹೈಸ್ಕೂಲು ಮೆಟ್ಟಿಲು ಹತ್ತುವಷ್ಟರಲ್ಲಿ ಅಕ್ಕ ಗಂಡನ ಮನೆಯ ಹೊಸಿಲನ್ನು ದಾಟಿ ಆಗಿರುತ್ತಿತ್ತು. ೧೯೯೧ರ ಜನಗಣತಿಯಲ್ಲಿ ಕರ್ನಾಟಕದ ಏಳು ವರ್ಷ ಮೀರಿದ ಗಂಡಸರಲ್ಲಿ ಅಕ್ಷರಸ್ಥರು ಶೇಕಡ ೬೭, ಹೆಂಗಸರಲ್ಲಿ ಕೇವಲ ೪೪. ೨೦೧೧ರಲ್ಲಿ ಈ ಸಂಖ್ಯೆಗಳು ಕ್ರಮವಾಗಿ ೮೨ ಮತ್ತು ೬೮ಕ್ಕೆ ಏರಿದವು. ಅಂತರ ಕುಗ್ಗಿತು, ಅಳಿಯಲಿಲ್ಲ. ಈ ಅಂಕೆಗಳು ಪರದೇಶದ ಯಾರದೋ ಲೆಕ್ಕವಲ್ಲ. ಸ್ಮರಣ ಸಂಚಿಕೆಗಳಲ್ಲಿ ಬರೆಯುತ್ತಿರುವ ಹಿರಿಯ ವಿದ್ಯಾರ್ಥಿಗಳ ಅಕ್ಕಂದಿರೇ, ತಂಗಿಯರೇ ಈ ಅಂಕೆಗಳ ಒಳಗಿದ್ದಾರೆ.

ಅಕ್ಕನ ಈ ಪ್ರಶ್ನೆ ಶರಣ ಪರಂಪರೆಗೆ ಹೊಸದೇನೂ ಅಲ್ಲ. ಆ ಪರಂಪರೆ ನೆನೆಯುವ ಅತ್ಯಂತ ಪೂಜ್ಯವಾದ ಬಾಲ್ಯ ಬಾಗೇವಾಡಿಯ ಬಾಲಕ ಬಸವಣ್ಣನದು. ಉಪನಯನದ ಸಿದ್ಧತೆ ನಡೆದಿರುವಾಗ, ಈ ಸಂಸ್ಕಾರ ಅಕ್ಕ ನಾಗಮ್ಮನಿಗೆ ಏಕಿಲ್ಲವೆಂದು ಆ ಬಾಲಕ ಕೇಳಿದನೆಂದೂ, ಅಕ್ಕನಿಗೆ ಸಲ್ಲದುದು ತನಗೂ ಬೇಡವೆಂದು ಮನೆಯಿಂದ ಹೊರಟನೆಂದೂ ತಲೆಮಾರುಗಳಿಂದ ಹೇಳಿಕೊಂಡು ಬಂದ ಕಥನವಿದೆ. ಪ್ರತಿವರ್ಷ ಬಸವ ಜಯಂತಿಯಂದು ಮಕ್ಕಳು ಈ ಪ್ರಸಂಗವನ್ನು ನಾಟಕವಾಗಿ ಅಭಿನಯಿಸುತ್ತಾರೆ, ಹಿರಿಯರು ಕಣ್ತುಂಬಿ ನೋಡುತ್ತಾರೆ. ಆದರೆ ಅದೇ ಹಿರಿಯರು ತಮ್ಮ ಬಾಲ್ಯವನ್ನು ಬರೆಯಲು ಕುಳಿತಾಗ, ತಮಗೆ ಸಂದುದು ತಮ್ಮ ಅಕ್ಕನಿಗೆ ಏಕೆ ಸಲ್ಲಲಿಲ್ಲವೆಂಬ ಪ್ರಶ್ನೆಯನ್ನು ಕೇಳಿಕೊಳ್ಳುವುದಿಲ್ಲ. ಬಾಲಕ ಬಸವಣ್ಣ ಎಂಟನೆಯ ವಯಸ್ಸಿನಲ್ಲಿ ಕೇಳಿದುದನ್ನು ಅರವತ್ತನೆಯ ವಯಸ್ಸಿನಲ್ಲಾದರೂ ಕೇಳಬಾರದೆ?

ಅಕ್ಕನಂತೆಯೇ ಪುಟದಿಂದ ಹೊರಗುಳಿದವನು ತರಗತಿಯ ಹೊರಅಂಚಿನಲ್ಲಿ ಕುಳಿತ ಸಹಪಾಠಿ. ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳು ೧೯೦೭ರಲ್ಲಿ ಹೊನ್ನೇಗೌಡ ಮತ್ತು ಗಂಗಮ್ಮ ದಂಪತಿಗಳ ಮಗನಾಗಿ ಜನಿಸಿದುದು ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ. ಅದೇ ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ ೧೯೫೪ರಲ್ಲಿ ದೇವಯ್ಯ ಮತ್ತು ವೆಂಕಟಮ್ಮ ದಂಪತಿಗಳ ಮಗನಾಗಿ ಕವಿ ಸಿದ್ಧಲಿಂಗಯ್ಯನವರು ಜನಿಸಿದರು. ಅವರ ಆತ್ಮಕಥನ ‘ಊರುಕೇರಿ’ಯ ಆರಂಭದಲ್ಲಿಯೇ, ತಂದೆಯೂ ಇನ್ನೊಬ್ಬನೂ ಎತ್ತುಗಳಂತೆ ನೊಗಕ್ಕೆ ಹೆಗಲು ಕೊಟ್ಟು ಭೂಮಾಲೀಕನ ಹೊಲವನ್ನು ಉಳುತ್ತಿದ್ದುದನ್ನು ಬಾಲಕನೊಬ್ಬ ಕಂಡ ನೆನಪು ಬರುತ್ತದೆ. ಅದರಲ್ಲಿ ಆಕ್ರೋಶದ ಒಂದು ಪದವಿಲ್ಲದಿದ್ದರೂ ಓದಿದವರ ನಿದ್ದೆ ಕೆಡುತ್ತದೆ. ಒಂದೇ ಸೀಮೆಯ ಮಣ್ಣಿನಲ್ಲಿ ಎಷ್ಟು ಬಗೆಯ ಬಾಲ್ಯಗಳು! ಒಂದು ಬಗೆಯ ಬಾಲ್ಯವನ್ನು ಮಾತ್ರ ಅಚ್ಚುಹಾಕಿ ಇದೇ ಊರಿನ ಬಾಲ್ಯವೆಂದು ಕೊಟ್ಟರೆ ಊರು ಅರ್ಧವಾಗುತ್ತದೆ. ಮಠದ ಶಾಲೆಗಳಲ್ಲಿ ಎಲ್ಲ ಜಾತಿಯ ಮಕ್ಕಳೂ ಒಂದೇ ಮಣೆಯ ಮೇಲೆ ಕುಳಿತರೆಂಬುದು ಅಭಿಮಾನದಿಂದ ಹೇಳಬಹುದಾದ ಮಾತು. ಆ ಮಾತನ್ನು ಮಣೆಯ ಆ ತುದಿಯಲ್ಲಿ ಕುಳಿತಿದ್ದವನು ಹೇಳಿದಾಗಲೇ ಅದಕ್ಕೆ ಪೂರ್ಣ ಪ್ರಾಮಾಣ್ಯ ಬರುವುದು.

ಉತ್ಸವದ ಸಂದರ್ಭದಲ್ಲಿ ಹಳೆಯ ನೋವುಗಳನ್ನು ಕೆದಕುವುದು ಅಮಂಗಳವಲ್ಲವೆ ಎಂದು ಕೆಲವರು ಕೇಳಬಹುದು. ಇದು ವಿಚಾರಯೋಗ್ಯವಾದ ಆಕ್ಷೇಪವೇ. ಸ್ಮರಣ ಸಂಚಿಕೆ ನ್ಯಾಯಾಲಯವಲ್ಲ. ಸತ್ತವರ ಮೇಲೆ ದೋಷಾರೋಪ ಹೊರಿಸುವುದು ಅದರ ಕೆಲಸವಲ್ಲ. ಬಡತನದಲ್ಲಿ ತಂದೆತಾಯಿಗಳು ಕೈಗೊಂಡ ನಿರ್ಧಾರಗಳನ್ನು ಇಂದಿನ ಅನುಕೂಲದಲ್ಲಿ ಕುಳಿತು ಜರೆಯುವುದು ಸಜ್ಜನರಿಗೆ ತಕ್ಕುದೂ ಅಲ್ಲ. ಆದರೆ ಜರೆಯುವುದು ಬೇರೆ, ನೆನೆಯುವುದು ಬೇರೆ. ಅಕ್ಕ ಓದಲಿಲ್ಲವೆಂದು ಬರೆಯುವುದು ತಂದೆಯ ನಿಂದೆಯಲ್ಲ, ಅಕ್ಕನ ಗೌರವ. ಹಸಿವಿತ್ತೆಂದು ಬರೆಯುವುದು ಮನೆಗೆ ಅಪಮಾನವಲ್ಲ. ಆ ಹಸಿವನ್ನು ನೀಗಿಸಿದ ದಾಸೋಹದ ಬೆಲೆ ತಿಳಿಯುವುದೇ ಅದರಿಂದ. ರೋಗವನ್ನು ಮರೆಮಾಚಿ ಔಷಧವನ್ನು ಹೊಗಳಿದರೆ ಹೊಗಳಿಕೆಗೆ ಅರ್ಥವಿಲ್ಲ.

ಇದಕ್ಕೆ ಮಾಡಬೇಕಾದುದೇನು? ಮಾರ್ಗ ಕನ್ನಡ ನಾಡಿನಲ್ಲಿಯೇ ಇದೆ. ಒಂದು ಕಾಲದಲ್ಲಿ ಶರಣರ ವಚನಗಳು ಮನೆಮನೆಯ ಜಗಲಿಯ ಮೇಲೆ, ಮಠಗಳ ಅಟ್ಟದ ಮೇಲೆ ತಾಳೆಗರಿಯ ಕಟ್ಟುಗಳಾಗಿ ಧೂಳು ತಿನ್ನುತ್ತಿದ್ದವು. ವಿಜಾಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಅವುಗಳಿಗಾಗಿ ಊರೂರು ಅಲೆದರು, ಪ್ರತಿಗಳನ್ನು ಸಂಗ್ರಹಿಸಿದರು, ೧೯೨೩ರಲ್ಲಿ ‘ವಚನಶಾಸ್ತ್ರ ಸಾರ’ದ ಮೊದಲ ಭಾಗವನ್ನು ಬೆಳಕಿಗೆ ತಂದರು. ಅವರು ಆ ಬಾಗಿಲುಗಳನ್ನು ತಟ್ಟದಿದ್ದರೆ ಎಷ್ಟು ಗರಿಗಳು ಗೆದ್ದಲಿನ ಪಾಲಾಗುತ್ತಿದ್ದವೋ ಹೇಳಲಾಗದು. ಇಂದು ಮನೆಮನ‍ೆಯಲ್ಲಿ ಇನ್ನೊಂದು ಬಗೆಯ ಓಲೆಗರಿಗಳಿವೆ. ಅವು ಎಂಬತ್ತು ದಾಟಿದ ಅಜ್ಜಿಯರು. ಅವರ ನೆನಪಿಗೆ ಪ್ರತಿಯಿಲ್ಲ. ಒಮ್ಮೆ ಹೋದರೆ ಹೋಯಿತು.

ಆದುದರಿಂದ ಹೈಸ್ಕೂಲಿನ ಪ್ರತಿಯೊಬ್ಬ ವಿದ್ಯಾರ್ಥಿಗೂ ವರ್ಷಕ್ಕೊಮ್ಮೆ ಒಂದು ಸಣ್ಣ ಕಾಯಕವನ್ನು ವಹಿಸಬಹುದು. ಮನೆಯಲ್ಲಿಯೋ ನೆರೆಯಲ್ಲಿಯೋ ಶಾಲೆಯನ್ನು ಕಾಣದ, ಇಲ್ಲವೆ ನಡುವೆಯೇ ಬಿಟ್ಟ ಒಬ್ಬ ಹಿರಿಯರನ್ನು ಕಂಡು, ಅವರ ಬಾಲ್ಯವನ್ನು ಅವರ ಆಡುಮಾತಿನಲ್ಲಿಯೇ ಎರಡು ಪುಟ ಬರೆದುಕೊಂಡು ಬರಬೇಕು. ವ್ಯಾಕರಣವನ್ನು ತಿದ್ದುವ ಉತ್ಸಾಹವನ್ನು ಕನ್ನಡ ಪಂಡಿತರು ಈ ಒಂದು ಸಂದರ್ಭದಲ್ಲಿ ಬಿಡಬೇಕು. ‘ಸಾಲಿ’ ಎಂದು ಹೇಳಿದವರ ಬಾಯಿಗೆ ‘ಶಾಲೆ’ಯನ್ನು ತುರುಕಬಾರದು. ಶಾಲೆಯ ಹಳೆಯ ದಾಖಲಾತಿ ಪುಸ್ತಕಗಳು ಜೀರ್ಣವಾಗುವ ಮುನ್ನ ಅವುಗಳನ್ನು ರಕ್ಷಿಸಿ, ನಡುವೆ ಶಾಲೆ ಬಿಟ್ಟವರ ಹೆಸರುಗಳನ್ನು ಗುರುತಿಸಿ, ಬದುಕಿರುವವರನ್ನು ಉತ್ಸವಕ್ಕೆ ಆಹ್ವಾನಿಸಬೇಕು. ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲವೆಂಬ ಕಾರಣದಿಂದ ಒಬ್ಬನು ಹಳೆಯ ವಿದ್ಯಾರ್ಥಿಯಾಗದೆ ಹೋಗುವುದಿಲ್ಲ. ದಾನಿಗಳು ಕಟ್ಟಡಗಳಿಗೆ ಕೊಟ್ಟಂತೆ ಈ ಬರಹಗಳ ಸಂಗ್ರಹಕ್ಕೂ ಒಂದು ಸಣ್ಣ ನಿಧಿಯನ್ನು ಕೊಡಬಹುದು. ಗಾರೆಗಲ್ಲಿಗೆ ಬೇಕಾಗುವಷ್ಟು ಹಣ ಇದಕ್ಕೆ ಬೇಕಾಗದು.

ಹಳೆಯ ವಿದ್ಯಾರ್ಥಿಗಳಲ್ಲಿ ಕೇಳಿಕೊಳ್ಳಬೇಕಾದುದು ಇದಕ್ಕಿಂತಲೂ ಸುಲಭವಾದುದು. ಲೇಖನವನ್ನು ಆರಂಭಿಸುವ ಮುನ್ನ ಅವರು ಒಂದು ಬಿಳಿಯ ಹಾಳೆಯ ಮೇಲೆ ತಾಯಿಯ ಹೆಸರು, ಅಕ್ಕತಂಗಿಯರ ಹೆಸರು, ಪ್ರಸಾದ ನಿಲಯದಲ್ಲಿ ಬಡಿಸಿದವರ ಹೆಸರು, ತಮ್ಮ ಪಕ್ಕದಲ್ಲಿ ಕುಳಿತು ಒಂದು ದಿನ ಕಾಣೆಯಾದ ಗೆಳೆಯನ ಹೆಸರು ಇವಿಷ್ಟನ್ನು ಬರೆದುಕೊಳ್ಳಲಿ. ಕೆಲವು ಹೆಸರುಗಳು ಒಡನೆ ನೆನಪಾಗದೆ ಹೋಗಬಹುದು. ಹಾಗಾದರೆ ಊರಿಗೆ ಹೋಗಿ ಕೇಳಿ ತಿಳಿದುಕೊಂಡು ಬರಲಿ. ಅಕ್ಕ ಇನ್ನೂ ಬದುಕಿದ್ದರೆ ಅವಳ ಜಗಲಿಯ ಮೇಲೆ ಒಂದು ಹೊತ್ತು ಕುಳಿತು, ಅವಳು ಏನನ್ನು ಓದಬೇಕೆಂದಿದ್ದಳೆಂದು ಕೇಳಲಿ. ಆಮೇಲೆ ಬರೆದ ಲೇಖನದಲ್ಲಿ ಗುರುಸ್ತುತಿ ಕಡಿಮೆಯಾಗದು. ಅಷ್ಟು ಮಂದಿ ಬಿಟ್ಟುಕೊಟ್ಟ ಪಾಲಿನಿಂದ ಒಬ್ಬನು ವಿದ್ಯಾವಂತನಾದನೆಂಬ ಸತ್ಯ ಅದರೊಡನೆ ಬಂದು ನಿಲ್ಲುತ್ತದೆ. ಅದನ್ನು ಓದಿದ ಇಂದಿನ ಬಾಲಕ ತನ್ನ ಮನೆಯಲ್ಲಿರುವ ತಂಗಿಯ ಪುಸ್ತಕ ಎಲ್ಲಿದೆಯೆಂದು ಒಮ್ಮೆ ತಿರುಗಿ ನೋಡುತ್ತಾನೆ.